ಮೋಟರ್ ಬಿಚ್ಚುವ ಮೊದಲು

ತಮ್ಮಾ,

ತೊಟ್ಟಿಯ ಪಕ್ಕದ ಮೋನೋಬ್ಲಾಕ್ ಮೋಟರ್, ಅಂದರೆ ಪಂಪು ಮೋಟರು ಒಂದೇ ಒಡಲಾಗಿರುವುದು, ಸದ್ದು ಮಾಡತೊಡಗಿದರೆ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ ಕೆಲಸ. ನಾಲ್ಕು ಬೋಲ್ಟು ಬಿಚ್ಚಿ, ಬೈಕಿನ ಹಿಂದಕ್ಕೆ ಬಿಗಿದು, ಚನ್ನರಾಯಪಟ್ಟಣಕ್ಕೋ ಹಾಸನಕ್ಕೋ ಹೊರಡುವುದು. ಅಂಗಡಿಯವನು ಬೇರಿಂಗ್ ಹಾಕುತ್ತಾನೆ, ಬೆಂಚಿನ ಮೇಲಿಟ್ಟು ಕರೆಂಟ್ ಕೊಟ್ಟು ತೋರಿಸುತ್ತಾನೆ. ಅಲ್ಲಿ ತಣ್ಣಗೆ ತಿರುಗಿದ್ದು ತೋಟಕ್ಕೆ ತಂದು ಕೂರಿಸಿದರೆ ಮತ್ತೆ ಅದೇ ಸದ್ದು. ಅಂಗಡಿಯವನಿಗೆ ಕೆಲಸ ಬರುವುದಿಲ್ಲ ಎಂದು ಬೈದು ಮುಗಿಸುತ್ತೇವೆ. ಆದರೆ ನೋಡು, ಆ ಬೆಂಚಿನ ಮೇಲೆ ನೀರೆಳೆಯುವ ಸಕ್ಷನ್ ಪೈಪ್ ಇರಲಿಲ್ಲ, ಅದರ ತುದಿಯ ಫುಟ್ ವಾಲ್ ಇರಲಿಲ್ಲ, ಇಳಿದುಹೋದ ನೀರಿನ ಮಟ್ಟ ಇರಲಿಲ್ಲ, ನಿನ್ನ ತೋಟದ ವೋಲ್ಟೇಜೂ ಇರಲಿಲ್ಲ. ಈ ಸದ್ದು ಮೋಟರಿಗೂ ಅದು ಕೂತ ಜಾಗಕ್ಕೂ ಸೇರಿದ್ದು. ಅರ್ಧವನ್ನು ಮಾತ್ರ ಬೈಕಿಗೆ ಕಟ್ಟಿಕೊಂಡು ಹೋದರೆ ಉಳಿದರ್ಧ ತೋಟದಲ್ಲೇ ಕಾಯುತ್ತಿರುತ್ತದೆ. ಹಾಗಾಗಿ ನನ್ನ ಮಾತು ಇಷ್ಟೇ: ಸದ್ದು ನೀರಿನದೋ, ಗಾಳಿಯದೋ, ಕರೆಂಟಿನದೋ, ಲೋಹದ್ದೋ ಎಂದು ಮೋಟರ್ ಓಡುತ್ತಿರುವಾಗಲೇ, ಅದರ ಪಕ್ಕ ನಿಂತು, ಬೇರೆ ಮಾಡಿಕೋ. ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಆಮೇಲೆ.

ದಂಡಿಗನಹಳ್ಳಿ ಸುತ್ತಿನ ತೆಂಗಿನ ತೋಟಗಳಲ್ಲಿ ಈ ಮೋಟರುಗಳು ಯಾಕೆ ಹೆಚ್ಚಿದವು ಎಂಬುದು ನಿನಗೆ ಗೊತ್ತೇ ಇದೆ. ಬೋರಿನಲ್ಲಿ ಬರುವ ನೀರು ಕಡಿಮೆ. ತ್ರೀ ಫೇಸ್ ಇದ್ದಷ್ಟು ಹೊತ್ತು ಸಬ್‌ಮರ್ಸಿಬಲ್ ಓಡಿಸಿ ತೊಟ್ಟಿ ತುಂಬಿಸಿಕೊಂಡು, ಆಮೇಲೆ ಇನ್ನೊಂದು ಮೋಟರಿನಿಂದ ಡ್ರಿಪ್ಪಿಗೆ ನೀರು ಬಿಡಬೇಕು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ತೋಡಿದ ಹೊಂಡಗಳಲ್ಲೂ ಇದೇ ಏರ್ಪಾಟು. ಮನೆಯಲ್ಲಿ ಸಂಪಿನಿಂದ ಮೇಲಿನ ಸಿಂಟೆಕ್ಸಿಗೆ ನೀರೇರಿಸುವ ಅರ್ಧ ಎಚ್‌ಪಿ ಮೋಟರೂ ಇದರ ತಮ್ಮನೇ. ಬೆಂಗಳೂರಿನ ಕೆಲವು ಮನೆಗಳಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಟ್ಟಿರುತ್ತಾರಲ್ಲ, ಅದರ ಕೆಳಗಿನ ಸಂಪಿನಿಂದ ಮೇಲಿನ ಗಾಜಿನ ತೊಟ್ಟಿಗೆ ನೀರು ಹಿಂದಿರುಗಿಸುವ ಅಂಗೈಯಗಲದ ಪಂಪು ಕೂಡ ಇದೇ ವಂಶದ್ದು. ಒಳಗೆ ಇಂಪೆಲ್ಲರ್ ಎಂಬ ಅಲಗಿನ ಚಕ್ರ ತಿರುಗುತ್ತದೆ, ಅದರ ನಡುವಿನಿಂದ ನೀರು ಒಳಬರುತ್ತದೆ, ಅಂಚಿನಿಂದ ಚಿಮ್ಮುತ್ತದೆ. ಗಾತ್ರ ಏನೇ ಇರಲಿ, ರಗಳೆಗಳು ಅವೇ. ನೂರಾರು ಅಡಿ ಕೆಳಗಿರುವ ಸಬ್‌ಮರ್ಸಿಬಲ್‌ನ ನರಳಾಟ ನಿನ್ನ ಕಿವಿಗೆ ಬೀಳುವುದಿಲ್ಲ. ಮೋನೋಬ್ಲಾಕ್ ಮಾತ್ರ ಕಣ್ಣೆದುರಿಗೇ ಕೂತು ತನ್ನ ಕಷ್ಟ ಹೇಳಿಕೊಳ್ಳುತ್ತದೆ.

ಮೊದಲು ಗಾಳಿಯ ವಿಚಾರ, ಏಕೆಂದರೆ ಇದೇ ಹೆಚ್ಚು ಸಾಮಾನ್ಯ. ಎಳನೀರು ಮುಗಿಯುವ ಹೊತ್ತಿಗೆ ಸ್ಟ್ರಾ ಗೊರಗೊರ ಅನ್ನುತ್ತದಲ್ಲ, ಗಾಳಿ ಹೊಕ್ಕ ಪಂಪಿನ ಸದ್ದೂ ಅದೇ ಜಾತಿಯದು: ಒಂದೇ ಸಮನಾಗಿರುವುದಿಲ್ಲ, ಏರಿ ಇಳಿಯುತ್ತದೆ, ಪೈಪಿನ ಬಾಯಲ್ಲಿ ನೀರು ಕೆಮ್ಮಿ ಕೆಮ್ಮಿ ಬೀಳುತ್ತದೆ. ಜನ ಮೋಸ ಹೋಗುವುದು ಎಲ್ಲಿ ಗೊತ್ತೇ? ಡೆಲಿವರಿ ಪೈಪು ಸೋರಿದರೆ ನೀರು ಹೊರಗೆ ಚಿಮ್ಮುತ್ತದೆ, ಎಲ್ಲರಿಗೂ ಕಾಣುತ್ತದೆ. ಸಕ್ಷನ್ ಪೈಪಿನೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಿರುವುದರಿಂದ ಅಲ್ಲಿಯ ಬಿರುಕು ನೀರನ್ನು ಬಿಡುವುದಿಲ್ಲ, ಗಾಳಿಯನ್ನು ಒಳಕ್ಕೆಳೆಯುತ್ತದೆ. ಒದ್ದೆಯ ಗುರುತೇ ಇರುವುದಿಲ್ಲ. ಮೋಟರ್ ಓಡುವಾಗ ಸಕ್ಷನ್ ಕಡೆಯ ಒಂದೊಂದು ಜಾಯಿಂಟಿಗೂ ಸೋಪಿನ ನೊರೆ ಬಳಿದು ನೋಡು. ನೊರೆ ಒಳಕ್ಕೆ ಹೋದ ಕಡೆ ತೂತಿದೆ. ಬಿಸಿಲಿಗೆ ಒಣಗಿದ ಪಿವಿಸಿ, ಸಡಿಲವಾದ ಕ್ಲಾಂಪು, ಹಳೆಯ ವಾಷರ್, ಇವೇ ಸಾಮಾನ್ಯವಾಗಿ ಸಿಕ್ಕುವ ಕಳ್ಳರು. ತೂತೇ ಇಲ್ಲದೆಯೂ ಗಾಳಿ ಹೋಗಬಹುದು. ತೊಟ್ಟಿಯಲ್ಲಿ ನೀರು ಇಳಿದಾಗ ಫುಟ್ ವಾಲಿನ ಮೇಲೆ ಸುಳಿ ಕಟ್ಟಿ ಅದರ ನಡುವಿನಿಂದ ಗಾಳಿ ಕೆಳಗಿಳಿಯುತ್ತದೆ. ಮೀನುತೊಟ್ಟಿಯವರಿಗೂ ಇದೇ ಕಾಟ. ಆವಿಯಾಗಿ ಹೋದ ನೀರನ್ನು ತುಂಬಿಸದಿದ್ದರೆ ಅವರ ಸಂಪಿನ ಕೊನೆಯ ಖಾನೆಯಲ್ಲಿ ಮಟ್ಟ ಇಳಿದು ಪಂಪು ಗಾಳಿ ನುಂಗುತ್ತದೆ. ಅವರು ಪಂಪನ್ನು ಶಂಕಿಸುವ ಮೊದಲು ಒಂದು ಚೊಂಬು ನೀರು ಹಾಕಿ ನೋಡುತ್ತಾರೆ. ನೀನು ತೊಟ್ಟಿ ತುಂಬಿದಾಗ ಒಮ್ಮೆ, ಅರ್ಧ ಇದ್ದಾಗ ಒಮ್ಮೆ ಕಿವಿಗೊಡು. ಮಟ್ಟದ ಜೊತೆ ಸದ್ದು ಬದಲಾದರೆ ಬೇರಿಂಗಿನ ಮೇಲೆ ಅನುಮಾನ ಬೇಡ. ಸುಳಿಯ ಮೇಲೆ ಒಂದು ಹಲಗೆ ತುಂಡು ತೇಲಿಬಿಟ್ಟರೂ ಸುಳಿ ಒಡೆಯುತ್ತದೆ. ಸಕ್ಷನ್ ಪೈಪ್ ತೊಟ್ಟಿಯಿಂದ ಪಂಪಿನವರೆಗೆ ಏರುತ್ತಲೇ ಇರಬೇಕು. ನಡುವೆ ಗೂನು ಬೆನ್ನಿದ್ದರೆ ಅಲ್ಲಿ ಗಾಳಿ ಬೀಡುಬಿಡುತ್ತದೆ.

ಇನ್ನೊಂದು, ನೀರಿನ ಸದ್ದು, ಹೆಚ್ಚು ಅಪಾಯದ್ದು. ಪಂಪಿನ ಹೊಟ್ಟೆಯಲ್ಲಿ ಜಲ್ಲಿಕಲ್ಲು ಉರುಳುತ್ತಿರುವಂತೆ ಕೇಳುತ್ತದೆ, ಬಿಚ್ಚಿ ನೋಡಿದರೆ ಒಂದು ಕಲ್ಲೂ ಇರುವುದಿಲ್ಲ. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವಾದರೂ ನಿಜದಲ್ಲಿ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಪೈಪಿನೊಳಕ್ಕೆ ತಳ್ಳುವುದು. ಸಮುದ್ರಮಟ್ಟದಲ್ಲಿ ಆ ಒತ್ತಡ ಸುಮಾರು 10.3 ಮೀಟರ್ ನೀರನ್ನು ಎತ್ತಿ ಹಿಡಿಯಬಲ್ಲದು. ನಮ್ಮ ಬಯಲು ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 9.3 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಪೈಪಿನ ಘರ್ಷಣೆ, ಬೆಂಡು, ಫುಟ್ ವಾಲಿನ ಜಾಲರಿಗೆ ಕಟ್ಟಿದ ಪಾಚಿ, ಎಲ್ಲ ಕಳೆದರೆ ಕೈಗೆ ಸಿಗುವುದು ಆರು ಮೀಟರ್, ಅಂದರೆ ಇಪ್ಪತ್ತು ಅಡಿ. ಅದಕ್ಕಿಂತ ಹೆಚ್ಚು ಕೇಳಿದರೆ ಇಂಪೆಲ್ಲರಿನ ಬಾಯಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ ತಣ್ಣೀರೇ ಅಲ್ಲಿ ಕುದಿದು ಗುಳ್ಳೆ ಏಳುತ್ತದೆ. ಆ ಗುಳ್ಳೆಗಳು ಒತ್ತಡ ಹೆಚ್ಚಿರುವ ಅಂಚಿಗೆ ಬಂದ ಕೂಡಲೇ ಒಳಗೊಳಗೇ ಕುಸಿದು ಲೋಹಕ್ಕೆ ಗುದ್ದುತ್ತವೆ. ಒಂದು ಗುಳ್ಳೆಯ ಗುದ್ದು ಎಷ್ಟು ಬಲವಾಗಿರಬಹುದು ಎಂದು ಭೌತವಿಜ್ಞಾನಿ ಲಾರ್ಡ್ ರ್‍ಯಾಲೀ ಲೆಕ್ಕ ಹಾಕಿ ತೋರಿಸಿದ್ದು 1917ರಲ್ಲಿ. ಅವರಿಗೆ ಆ ಯೋಚನೆ ಹುಟ್ಟಿದ್ದು, ಕುದಿ ಬರುವ ಮುಂಚೆ ಕೆಟಲ್ಲಿನ ನೀರು ಮಾಡುವ ಸದ್ದನ್ನು ಇನ್ನೊಬ್ಬ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ವರ್ಣಿಸಿದ್ದನ್ನು ಓದುವಾಗ. ಅಡುಗೆಮನೆಯ ಸದ್ದನ್ನು ಅಷ್ಟು ಮುತುವರ್ಜಿಯಿಂದ ಕೇಳಿಸಿಕೊಂಡವರಿದ್ದರು ಎಂಬುದೇ ನನಗೆ ಇಷ್ಟವಾದ ಸಂಗತಿ. ಇದನ್ನು ಗುರುತಿಸಲು ಒಂದು ಸುಲಭದ ಪರೀಕ್ಷೆಯಿದೆ. ಡೆಲಿವರಿಯ ಗೇಟ್ ವಾಲನ್ನು ನಿಧಾನವಾಗಿ ಅರ್ಧ ಮುಚ್ಚು. ಹರಿವು ತಗ್ಗಿದ ಹಾಗೆ ಜಲ್ಲಿಯ ಸದ್ದೂ ತಗ್ಗಿದರೆ ರೋಗ ಸಕ್ಷನ್ ಕಡೆಯದು. ಏನೂ ಬದಲಾಗದೆ ಅದೇ ಗರಗರ ಮುಂದುವರಿದರೆ ಬೇರೆ ಕಡೆ ಹುಡುಕು. ಪೂರ್ತಿ ಮುಚ್ಚಿ ಓಡಿಸಬೇಡ, ಒಳಗಿನ ನೀರು ಕಾದು ಸೀಲ್ ಹಾಳಾಗುತ್ತದೆ.

ಇಲ್ಲಿ ಎದ್ದುಬರುವ ಮಾತು ನನಗೆ ಗೊತ್ತು: ‘ಇರುವ ಮೋಟರಿಗೆ ಶಕ್ತಿ ಸಾಲದು, ಒಂದು ಎಚ್‌ಪಿ ಹೆಚ್ಚಿನದು ಹಾಕಿದರೆ ಸರಿ.’ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಪೈಪಿನೊಳಗಿನ ಘರ್ಷಣೆ ಹರಿವಿನ ವರ್ಗದಂತೆ ಬೆಳೆಯುತ್ತದೆ. ಅದೇ ಪೈಪಿನಲ್ಲಿ ಎರಡು ಪಟ್ಟು ನೀರು ಕೇಳಿದರೆ ಘರ್ಷಣೆ ನಾಲ್ಕು ಪಟ್ಟು. ಉಸಿರುಕಟ್ಟಿದ ಸಕ್ಷನ್‌ಗೆ ದೊಡ್ಡ ಮೋಟರ್ ಕೂರಿಸಿದರೆ ಉಸಿರು ಇನ್ನಷ್ಟು ಕಟ್ಟುತ್ತದೆ, ಸದ್ದು ಜೋರಾಗುತ್ತದೆ. ದುಡ್ಡನ್ನು ಪೈಪಿಗೆ ಹಾಕಿದರೆ ಫಲ ಬೇರೆ. ಒಂದೂವರೆ ಇಂಚಿನ ಸಕ್ಷನ್ ಪೈಪ್ ತೆಗೆದು ಎರಡು ಇಂಚಿನದು ಹಾಕಿದರೆ ಅಷ್ಟೇ ನೀರಿಗೆ ಘರ್ಷಣೆ ಕಾಲುಭಾಗಕ್ಕಿಂತ ಕೆಳಗಿಳಿಯುತ್ತದೆ. ಮೋಟರನ್ನು ನೀರಿನ ಹತ್ತಿರಕ್ಕೆ, ತಗ್ಗಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ತಳ್ಳುವ ದೂರ ಹೆಚ್ಚಾದರೆ ಪಂಪು ಸಹಿಸುತ್ತದೆ, ಎಳೆಯುವ ದೂರ ಹೆಚ್ಚಾದರೆ ಸಹಿಸುವುದಿಲ್ಲ. ಇನ್ನೊಂದು ಚಾಳಿಯಿದೆ: ‘ಇರಲಿ’ ಎಂದು ಹೆಚ್ಚು ಹೆಡ್ಡಿನ, ಅಂದರೆ ಹೆಚ್ಚು ಎತ್ತರಕ್ಕೆ ನೀರೇರಿಸುವ, ಪಂಪು ಕೊಳ್ಳುವುದು. ಪಂಪಿನ ಮೇಲಿನ ತಗಡಿನಲ್ಲಿ ಹೆಡ್ ಎಷ್ಟರಿಂದ ಎಷ್ಟು ಎಂದು ಬರೆದಿರುತ್ತದೆ. ಎತ್ತರಕ್ಕೆ ಮಾಡಿದ ಪಂಪನ್ನು ಸಮತಟ್ಟು ತೋಟದಲ್ಲಿ ಎಲ್ಲ ವಾಲು ತೆರೆದು ಓಡಿಸಿದರೆ ಅದು ತನ್ನ ಅಳತೆ ಮೀರಿ ನೀರು ದೂಡಲು ಹೋಗಿ ಅದೇ ಜಲ್ಲಿ ಸದ್ದಿಗೆ ಸಿಕ್ಕಿಬೀಳುತ್ತದೆ.

‘ನೀರು ಬರ್ತಾ ಇದೆಯಲ್ಲ, ಸದ್ದು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ’ ಎನ್ನುವವರಿಗೆ ಉತ್ತರ ಹೇಳುವುದು ಕಷ್ಟ, ಏಕೆಂದರೆ ಅವರ ಜೇಬಿಗೆ ಸದ್ಯಕ್ಕೆ ಏನೂ ಆಗಿರುವುದಿಲ್ಲ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟ್ ಉಚಿತ. ಮನೆಯ ಮೋಟರ್ ಕರೆಂಟ್ ಹೆಚ್ಚು ತಿಂದರೆ ತಿಂಗಳ ಬಿಲ್ಲು ಹೇಳುತ್ತದೆ. ತೋಟದ ಮೋಟರಿಗೆ ಆ ಚೀಟಿಯೂ ಇಲ್ಲ. ಗುಳ್ಳೆ ಗುದ್ದಿ ಇಂಪೆಲ್ಲರ್ ಸವೆದು, ಮೊದಲು ಅದೇ ಹೊತ್ತಿನಲ್ಲಿ ಆಗುತ್ತಿದ್ದಷ್ಟು ನೀರು ಆಗದೆ, ಕೊನೆಯ ಸಾಲಿನ ತೆಂಗಿಗೆ ಹನಿ ತಲುಪದೆ ಹೋದಾಗ ಡ್ರಿಪ್ ಕಟ್ಟಿಕೊಂಡಿದೆ ಎಂದುಕೊಳ್ಳುತ್ತೇವೆ. ನಷ್ಟದ ಲೆಕ್ಕ ಹೇಳುವವರು ಬೇರಾರೂ ಇಲ್ಲದ ಕಡೆ ಸದ್ದೇ ಬಿಲ್ಲು ಕಣಪ್ಪಾ.

ಕರೆಂಟಿನ ಸದ್ದು ಗುರುತಿಸುವುದು ಸುಲಭ. ಸ್ವಿಚ್ ಆರಿಸಿ ಕೇಳು. ಆರಿಸಿದ ಕ್ಷಣದಲ್ಲೇ ನಿಂತುಹೋದ ಸದ್ದು ಕರೆಂಟಿನದು, ತಿರುಗುವಿಕೆ ನಿಧಾನವಾದಂತೆ ತಾನೂ ನಿಧಾನವಾಗುತ್ತಾ ಹೋಗುವ ಸದ್ದು ಬೇರಿಂಗಿನದೋ ಇಂಪೆಲ್ಲರಿನದೋ. ನಿಂತ ಮೇಲೆ ಕೊನೆಗೆ ಒಂದು ‘ಧಡ್’ ಬಂದರೆ ಅದು ಮೇಲಿನ ನೀರು ಹಿಂದಕ್ಕೆ ಬಂದು ವಾಲ್ ಬಡಿದದ್ದು. ತ್ರೀ ಫೇಸ್ ಮೋಟರ್ ಹಾಕುವಾಗ ಒಂದು ಫೇಸ್ ಬಾರದಿದ್ದರೆ ಅದು ಗುಂಯ್ ಎಂದು ತಿರುಗದೆ ನಿಲ್ಲುತ್ತದೆ. ತಕ್ಷಣ ಆರಿಸು, ತಡಮಾಡಿದರೆ ಕಾಯಿಲ್ ಸುಡುತ್ತದೆ. ಸಿಂಗಲ್ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ತ್ರೀ ಫೇಸ್ ಮೋಟರ್ ಓಡಿಸುವ ರೂಢಿ ಹಳ್ಳಿಗಳಲ್ಲಿದೆ. ಹಾಗೆ ಓಡುವಾಗ ಅದು ನಡುಗುತ್ತದೆ, ಗುನುಗುತ್ತದೆ, ಕಾಯುತ್ತದೆ. ಆ ಸದ್ದಿಗೆ ಯಾವ ರಿಪೇರಿಯೂ ಇಲ್ಲ, ಹಾಗೆ ಓಡಿಸದಿರುವುದೇ ಮದ್ದು. ವೋಲ್ಟೇಜ್ ಬಿದ್ದಾಗಲೂ ಅಷ್ಟೆ. ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ನೂರಕ್ಕೆ ಇಪ್ಪತ್ತು ವೋಲ್ಟೇಜ್ ಹೋದರೆ ಬಲ ನೂರಕ್ಕೆ ಅರವತ್ತನಾಲ್ಕಕ್ಕೆ ಬಂದು ನಿಲ್ಲುತ್ತದೆ.

ಕಿವಿಯನ್ನು ನಂಬಿ ಕೂರಬಹುದೇ ಎಂದು ನೀನು ಕೇಳಿದರೆ ಅದು ಸರಿಯಾದ ಆಕ್ಷೇಪಣೆ, ಹಾರಿಕೆಯ ಉತ್ತರ ಸಲ್ಲದು. ಎರಡು ರೋಗ ಒಟ್ಟಿಗೆ ಇರಬಹುದು. ಜಲ್ಲಿ ಸದ್ದಿನ ಪಂಪು ನಡುಗಿ ನಡುಗಿ ಕಡೆಗೆ ಬೇರಿಂಗನ್ನೂ ಕೆಡಿಸುತ್ತದೆ, ಆಗ ಎರಡೂ ಸದ್ದು ಬೆರೆತಿರುತ್ತವೆ. ಇನ್ನೂ ವಿಚಿತ್ರವೆಂದರೆ ಸಕ್ಷನ್‌ನಲ್ಲಿ ಸ್ವಲ್ಪ ಗಾಳಿ ಸೇರಿದರೆ ಗುಳ್ಳೆಗಳ ಗುದ್ದು ಮೆತ್ತಗಾಗಿ ಸದ್ದು ಕಡಿಮೆಯಾಗುವುದೂ ಉಂಟು. ಅಂದರೆ ಸುಮ್ಮನಾದ ಪಂಪೆಲ್ಲ ಸರಿಹೋದ ಪಂಪಲ್ಲ. ಆದ್ದರಿಂದಲೇ ಬರೀ ಕೇಳು ಎನ್ನದೆ, ವಾಲ್ ತಿರುಗಿಸಿ ಕೇಳು, ಮಟ್ಟ ಬದಲಿಸಿ ಕೇಳು, ಆರಿಸಿ ಕೇಳು ಎಂದು ಹೇಳುತ್ತಿದ್ದೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸು. ವಾಷರ್, ಫುಟ್ ವಾಲ್, ಕಂಡೆನ್ಸರ್ ಮೂರನ್ನೂ ಒಂದೇ ದಿನ ಬದಲಿಸಿದವನಿಗೆ ಸದ್ದು ನಿಂತರೂ ಯಾಕೆ ನಿಂತಿತೆಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೂರಕ್ಕೂ ದುಡ್ಡು ಹಾಕುತ್ತಾನೆ. ಲೋಹದ ಸದ್ದನ್ನು ಬೇರೆ ಮಾಡಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತ ಕವರಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತು. ಹೆಗಲ ಟವೆಲ್ಲನ್ನು ಮೊದಲು ತೆಗೆದಿಡು, ಹಿಂದಿನ ಫ್ಯಾನು ಅದನ್ನು ಎಳೆದುಕೊಂಡೀತು. ಪಂಪಿನ ಕಡೆಯ ಕವರಿಗಿಂತ ಫ್ಯಾನಿನ ಕಡೆಯದರಲ್ಲಿ ಗರಗರ ಜೋರಾಗಿದ್ದರೆ ನೀರಿನ ತಕರಾರು ಇರುವ ಸಂಭವ ಕಡಿಮೆ.

ಮನೆಯ ಮೋಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ರಾತ್ರಿ ಗೋಡೆಯೇ ಗುಂಯ್‌ಗುಡುವುದಕ್ಕೆ ಎಷ್ಟೋ ಸಲ ಪೈಪನ್ನು ಗೋಡೆಗೆ ಬಿಗಿದ ಕ್ಲಾಂಪು ಕಾರಣ. ಮೋಟರಿನ ಅಡಿಗೆ ರಬ್ಬರ್, ಡೆಲಿವರಿಯಲ್ಲಿ ಒಂದು ಮೊಳ ಹೋಸು ಹಾಕಿ ನೋಡು. ಬೋರಿನ ಗಡಸು ನೀರು ಇಂಪೆಲ್ಲರಿಗೆ ಸುಣ್ಣ ಕಟ್ಟಿ ತೂಕ ಒಂದು ಕಡೆಗೆ ವಾಲಿದಾಗಲೂ ನಡುಕ ಬರುತ್ತದೆ. ಮೀನುತೊಟ್ಟಿಯವರು ತಮ್ಮ ಪಂಪನ್ನು ವಿನೆಗರಿನಲ್ಲಿ ನೆನೆಸಿ ಸುಣ್ಣ ಬಿಡಿಸುತ್ತಾರೆ. ನೀನು ಹಾಗೆ ನೆನೆಸುವುದಾದರೆ ಮೋಟರ್ ಸಮೇತ ಅಲ್ಲ, ಇಂಪೆಲ್ಲರ್ ಒಂದನ್ನೇ, ಮೇನ್ ಆರಿಸಿ ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡ ಮೇಲೆ.

ಇಷ್ಟೆಲ್ಲ ನೋಡಿದ ಮೇಲೂ ಅಂಗಡಿಗೆ ಹೋಗಲೇಬೇಕಾದರೆ ಧಾರಾಳವಾಗಿ ಹೋಗು. ಮೋಟರಿನ ಜೊತೆ ನಾಲ್ಕು ವಿಷಯ ಕೊಂಡೊಯ್ಯು: ನೀರಿನಿಂದ ಪಂಪಿಗೆ ಎಷ್ಟು ಅಡಿ, ಸಕ್ಷನ್ ಪೈಪ್ ಎಷ್ಟು ಇಂಚು, ವಾಲ್ ಅರ್ಧ ಮುಚ್ಚಿದಾಗ ಸದ್ದು ಏನಾಯಿತು, ಆರಿಸಿದಾಗ ಏನಾಯಿತು. ಬಲ್ಲ ಮೆಕ್ಯಾನಿಕ್ ಇಷ್ಟರಲ್ಲೇ ಅರ್ಧ ಪತ್ತೆ ಮಾಡುತ್ತಾನೆ. ಬೇರಿಂಗೇ ಎಂದಾದರೆ ಎರಡೂ ಕಡೆಯದನ್ನು ಒಟ್ಟಿಗೆ ಹಾಕಿಸು. ನೀರು ಹೊಕ್ಕು ಕೆಟ್ಟಿದ್ದರೆ ಸೀಲ್ ಬದಲಿಸದೆ ತರಬೇಡ. ಬಿಚ್ಚಿದಾಗ ಇಂಪೆಲ್ಲರನ್ನು ಕೈಗೆ ತೆಗೆದುಕೊಂಡು ನೀರು ಒಳಬರುವ ನಡುಬಾಯಿಯ ಸುತ್ತ ಬೆರಳಾಡಿಸು. ಅಲ್ಲಿ ಇರುವೆ ಗೂಡಿನಂತೆ ಸಣ್ಣ ಸಣ್ಣ ಗುಂಡಿ ಬಿದ್ದಿದ್ದರೆ, ಬೇರಿಂಗ್ ಹೊಸದಾದರೂ ನಿನಗಿನ್ನೂ ಸಕ್ಷನ್ ಪೈಪಿನ ಕೆಲಸ ಬಾಕಿಯಿದೆ.

ಇಂತಿ,
ನಿನ್ನ ಹಿತೈಷಿ