ಆ ಟಿಕಳಿ ಕಿತ್ತು ಬಾ

ಅಫಜಲಪುರ

ಅಳಿಯಾ,

ಮೊನ್ನೆ ನಿನ್ನ ಗಾಡಿಯಲ್ಲಿ ಗಾಣಗಾಪುರಕ್ಕೆ ಹೋಗಿ ಬಂದಾಗಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತಿಲ್ಲ. ದತ್ತ ಮಹಾರಾಜರ ದರ್ಶನವೇನೋ ಚೆನ್ನಾಗಿಯೇ ಆಯಿತು. ನಿದ್ದೆ ಕೆಡಿಸಿದ್ದು ಸ್ಟೇರಿಂಗ್ ಹಿಂದೆ ಅಂಟಿಸಿದ್ದ ಆ ಕೆಂಪು ಟಿಕಳಿ. ಮಗುವಿನ ಆಟ ಇರಬೇಕೆಂದು ಕೇಳಿದರೆ ನೀನು ನಕ್ಕೆ. “ಮಾಮಾ, ಟೈರಿನ ಲೈಟ್ ಸುಮ್‌ಸುಮ್ನೆ ಹತ್ತತದ. ಮುಂಜಾನಿ ಹತ್ತತದ, ಮಧ್ಯಾಹ್ನ ತಾನೇ ಆರತದ. ಕಿರಿಕಿರಿ ಅಂತ ಮುಚ್ಚೀನಿ” ಅಂದೆ. ಹಿಂದೆ ನಿಮ್ಮವ್ವ ಕೂತಿದ್ದಳು. ಆಕೆಯ ಎದುರು ಬೈಯುವುದು ಬೇಡವೆಂದು ಬಾಯಿ ಬಿಗಿಹಿಡಿದೆ. ಈಗ ಬರೆಯುತ್ತಿದ್ದೇನೆ. ಬೆಳಗಾದರೆ ಆಳಂದ, ಮಧ್ಯಾಹ್ನ ಜೇವರ್ಗಿ ಎಂದು ನಿನ್ನ ಹಾಗೆ ಓಡಾಡುವ ಹುಡುಗರು ಇನ್ನೂ ಬಹಳ ಇದ್ದಾರೆ, ಅವರೂ ಓದಲಿ. ನಿನ್ನ ಹೆಸರು ಹಾಕಿಲ್ಲ, ಗಾಬರಿಯಾಗಬೇಡ.

ನಾನು ಜೀಪು ಹೊಡೆಯುವಾಗ ಇಂಥ ದೀಪ ಎಲ್ಲಿತ್ತು? ಪಾನಾ ತಗೊಂಡು ನಾಲ್ಕೂ ಗಾಲಿಗೆ ಒಂದೊಂದು ಏಟು ಹಾಕುತ್ತಿದ್ದೆವು. ಹವಾ ಗಟ್ಟಿ ಇದ್ದರೆ ಪಾನಾ ಪುಟಿದು ಬರುತ್ತಿತ್ತು, ಇಳಿದಿದ್ದರೆ ಹಸಿ ಮಣ್ಣಿಗೆ ಬಡಿದಂತೆ ದಪ್ ಅನ್ನುತ್ತಿತ್ತು. ಟ್ಯೂಬಿನ ಟೈರುಗಳು ಅವು. ದಾರಿಯ ಬದಿಗೆ ಸರಿದರೆ ಜಾಲಿ ಮುಳ್ಳು, ತೊಗರಿ ಕೊಯ್ದ ಹೊಲಕ್ಕೆ ಇಳಿಸಿದರೆ ನೆಲದಲ್ಲಿ ಉಳಿದ ಕೂಳೆ; ಎರಡೂ ಮೊಳೆಗಿಂತ ಹರಿತ. ವಾರಕ್ಕೊಂದು ಪಂಕ್ಚರ್ ಆಗದಿದ್ದರೆ ಅದೇ ಸೋಜಿಗ.

ಗಾಡಿ ಕಲಿಸಿದ ಉಸ್ತಾದ್ ಒಂದು ಮಾತು ತಲೆಗೆ ತುಂಬಿದ್ದರು: “ಬ್ಯಾಸಿಗ್ಯಾಗ ಟೈರ್ ಕಾಯ್ತದ, ಒಳಗ ಹವಾ ಉಬ್ಬತದ. ಒಂದೀಟು ಬಿಟ್ಟುಬಿಡು, ಇಲ್ಲಂದ್ರ ಒಡೀತದ.” ನಮ್ಮ ಕಡೆ ಇವತ್ತಿಗೂ ಈ ಮಾತು ನಂಬುವವರಿದ್ದಾರೆ. ನಾನೂ ನಂಬಿದ್ದೆ.

ವೈಶಾಖದಲ್ಲಿ ಒಂದು ಮದುವೆ. ಜೇವರ್ಗಿಯಿಂದ ಆಳಂದಕ್ಕೆ ನಿಬ್ಬಣ. ನನ್ನ ಜೀಪಿನಲ್ಲಿ ಹದಿನಾಲ್ಕು ಮಂದಿ, ಮೇಲೆ ಬುತ್ತಿಯ ಬುಟ್ಟಿಗಳು. ಅದೇ ತಾನೇ ಒಂದು ಬಾಡಿಗೆ ಮುಗಿಸಿ ಬಂದಿದ್ದೆ, ಟೈರು ಮುಟ್ಟಿದರೆ ಕೈ ಸುಡುತ್ತಿತ್ತು. ಉಸ್ತಾದರ ಮಾತಿನಂತೆ ವಾಲು ಒತ್ತಿ ನಾಲ್ಕಕ್ಕೂ ಹವಾ ಬಿಟ್ಟೆ. ಜಾಣತನ ಮಾಡಿದೆ ಎಂದೇ ಅಂದುಕೊಂಡಿದ್ದೆ. ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮಾ ನದಿ ದಾಟಿ ಕಲಬುರಗಿ ಕಡೆ ಒಂದಿಷ್ಟು ದೂರ ಬಂದಿದ್ದೆವು. ಹಿಂದಿನ ಎಡಗಡೆಯ ಟೈರು ಸಿಡಿಯಿತು. ಸ್ಟೇರಿಂಗ್ ನನ್ನ ಮಾತು ಕೇಳಲಿಲ್ಲ. ಜೀಪು ಯರಿಹೊಲಕ್ಕೆ ನುಗ್ಗಿ ಓರೆಯಾಗಿ ನಿಂತಿತು. ಯಾರೂ ಸಾಯಲಿಲ್ಲ. ಮದುಮಗನ ಸೋದರತ್ತೆಯ ಮುಂಗೈ ಮುರಿಯಿತು, ಅದೇ ಮುಂಜಾನೆ ಇಟ್ಟುಕೊಂಡಿದ್ದ ಹಸಿರು ಬಳೆ ಅಷ್ಟೂ ಒಡೆದಿದ್ದವು. ಸ್ಟೆಪ್ನಿ ಇಳಿಸಿದೆ, ಅದರಲ್ಲೂ ಹವಾ ಇರಲಿಲ್ಲ. ನಾವು ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಊಟವೂ ಮುಗಿದಿತ್ತು.

ಮರುದಿನ ಪಂಕ್ಚರ್ ಅಂಗಡಿಯವನು ಆ ಟೈರನ್ನು ಬಿಚ್ಚಿ ನನ್ನ ಮುಂದೆ ಬೋರಲು ಹಾಕಿದ. ಗಿರಣಿಯ ಬಾಯಿಂದ ಹಿಟ್ಟು ಬಿದ್ದಂತೆ ಕರಿ ರಬ್ಬರಿನ ಪುಡಿ ಸುರಿಯಿತು. “ಬಿಸಲಿಗಿ ಒಡದದ್ದಲ್ಲ ಅಣ್ಣಾರ, ಹವಾ ಕಡಿಮಿ ಆಗಿ ಸತ್ತದ್ದು” ಅಂದ. ಒಂದು ತಂತಿ ತಗೊಂಡು ಹತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿ ನನ್ನ ಬೆರಳಿಗೆ ಮುಟ್ಟಿಸಿದ. ಬಿಸಿ. ಇನ್ನೆರಡು ಸಲ ಬಗ್ಗಿಸಿದ, ಮುರಿಯಿತು. ಹವಾ ಇಳಿದ ಟೈರಿನ ಪಕ್ಕೆಯೂ ಸುತ್ತು ಸುತ್ತಿಗೆ ಹೀಗೇ ಬಗ್ಗುತ್ತದೆ, ಕಾಯುತ್ತದೆ, ಒಳಗೊಳಗೇ ಸವೆಯುತ್ತದೆ. ಓಡಿ ಬಂದ ಟೈರು ಬಿಸಿಯಾಗಿ ಹವಾ ಒಂದಿಷ್ಟು ಏರುವುದನ್ನು ಲೆಕ್ಕ ಹಿಡಿದೇ ಅದನ್ನು ಮಾಡಿರುತ್ತಾರೆ. ಉಸ್ತಾದ್ ಹೇಳಿದ್ದು ತಲೆಕೆಳಗಿತ್ತು.

ಈಗ ನಿನ್ನ ‘ಸುಮ್‌ಸುಮ್ನೆ’ಗೆ ಬರುತ್ತೇನೆ. ಬಾಗಿಲ ಕಂಬದ ಚೀಟಿ ನೋಡಿದೆ, ನಿನ್ನ ಗಾಡಿಗೆ 33 ಪಿಎಸ್‌ಐ. ಅದು ತಣ್ಣಗಿರುವ ಟೈರಿನ ಲೆಕ್ಕ, ಅಂದರೆ ಗಾಡಿ ಮೂರು ತಾಸಾದರೂ ನಿಂತಿರಬೇಕು. ಐದಾರು ಡಿಗ್ರಿ ತಂಪಾದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಚಳಿಗಾಲದಲ್ಲಿ ನಮ್ಮಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ 15 ಡಿಗ್ರಿ ಅಂತರ ದೊಡ್ಡದೇನಲ್ಲ. ಅದರಲ್ಲೇ ಸುಮಾರು 3 ಪಿಎಸ್‌ಐ ಹೋಯಿತು. ಆದರೆ ಬರೀ ಚಳಿಗೆ ಆ ದೀಪ ಹತ್ತುವುದಿಲ್ಲ. ಇರಬೇಕಾದ ಹವಾದಲ್ಲಿ ಐದನೇ ಒಂದೋ ನಾಲ್ಕನೇ ಒಂದೋ ಪಾಲು ಹೋದ ಮೇಲೆಯೇ ಹತ್ತುವುದು. ನಿನ್ನ ಟೈರು ಮೊದಲೇ ಅಂಚಿನಲ್ಲಿದೆ, ಚಳಿ ಬಂದು ನೂಕುತ್ತದೆ ಅಷ್ಟೇ. ಮಧ್ಯಾಹ್ನ ಆರಿದರೆ ಟೈರು ತುಂಬಿತೆಂದಲ್ಲ, ಬಿಸಿಯಾಯಿತು ಎಂದರ್ಥ.

ಇನ್ನೊಂದು ಗೊತ್ತೇನು? ಡಿಕ್ಕಿ ತೆರೆದು ನೋಡಿದೆ, ನಿನ್ನ ಗಾಡಿಯಲ್ಲಿ ಸ್ಟೆಪ್ನಿಯೇ ಇಲ್ಲ, ಒಂದು ಪಂಕ್ಚರ್ ಕಿಟ್ ಇದೆ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟೈರಿನ ಹವಾ ತೋರಿಸುವ ವ್ಯವಸ್ಥೆಯೂ ರಿಪೇರಿ ಕಿಟ್ಟೂ ಇದ್ದರೆ ಇಂಥ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಸ್ಟೆಪ್ನಿಯ ಬದಲಿಗೆ ನಿನಗೆ ಕೊಟ್ಟದ್ದೇ ಆ ದೀಪ. ಅದಕ್ಕೆ ಹೆಂಡತಿಯ ಟಿಕಳಿ ಅಂಟಿಸಿ ತಿರುಗುತ್ತೀಯಲ್ಲ, ಇಷ್ಟು ಓದಿದ್ದು ಯಾವ ಪುರುಷಾರ್ಥಕ್ಕೆ? ಅಮೆರಿಕದಲ್ಲಿ ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಪಲ್ಟಿಯಾಗಿ ಜನ ಸತ್ತ ಮೇಲೆ 2000ರಲ್ಲಿ ಕಾನೂನು ಬಂತು, 2007ರ ಸೆಪ್ಟೆಂಬರಿನಿಂದ ಅಲ್ಲಿ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯವಾಯಿತು. ಹೆಣ ಬಿದ್ದ ಮೇಲೆ ಹುಟ್ಟಿದ ದೀಪ ಅದು, ನಿನಗೆ ಕಿರಿಕಿರಿ!

ಮಾತು ಜೋರಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ದೀಪಕ್ಕೂ ತಪ್ಪಾಗುವುದುಂಟು, ಒಪ್ಪುತ್ತೇನೆ. ಗಾಡಿ ಚಾಲೂ ಮಾಡಿದಾಗ ಒಂದು ನಿಮಿಷ ಮಿಣುಕಿ ಆಮೇಲೆ ಹತ್ತಿಯೇ ಉಳಿದರೆ ದೋಷ ಆ ವ್ಯವಸ್ಥೆಯಲ್ಲೇ ಇರಬಹುದು. ಗಾಲಿಯೊಳಗೆ ಸೆನ್ಸರ್ ಇದ್ದರೆ ಅದರ ಬ್ಯಾಟರಿಗೂ ಆಯುಷ್ಯ ಅಂತ ಇರುತ್ತದೆ. ಹೊಸದು ಹಾಕಿಸುತ್ತೀಯೋ, ವಾರಕ್ಕೊಮ್ಮೆ ಕೈಯಾರೆ ಹವಾ ಅಳೆದು ಸಾಗಿಸುತ್ತೀಯೋ, ನಿನ್ನ ಕಿಸೆ, ನಿನ್ನ ಇಷ್ಟ. ನನ್ನನ್ನು ಕೇಳಿದರೆ ಹಾಕಿಸು. ವಾರಕ್ಕೊಮ್ಮೆ ಅಳೆಯುತ್ತೇನೆ ಅನ್ನುವವರು ಎಷ್ಟು ವಾರ ಅಳೆಯುತ್ತಾರೆ ಅನ್ನುವುದು ನನ್ನ ಆ ಸ್ಟೆಪ್ನಿಗೆ ಗೊತ್ತು. ಆದರೆ ದೀಪ ಮಿಣುಕದೆ ನೇರವಾಗಿ ಹತ್ತಿದರೆ ಅಲ್ಲಿ ಇಷ್ಟಾನಿಷ್ಟದ ಮಾತೇ ಇಲ್ಲ. ನಿಧಾನಕ್ಕೆ ಬದಿಗೆ ನಿಲ್ಲಿಸು, ಇಳಿದು ನಾಲ್ಕೂ ಟೈರು ನೋಡು, ಹವಾ ಹೊಡಿಸಿಕೊಂಡೇ ಮುಂದೆ ಹೋಗು. ಎರಡು ದಿನಕ್ಕೆ ಅದೇ ಟೈರು ಮತ್ತೆ ಇಳಿದರೆ ಒಳಗೆ ಮುಳ್ಳಿದೆ ಎಂದು ತಿಳಿ.

ಈ ಭಾನುವಾರ ಊಟಕ್ಕೆ ಬಾ. ಹವಾ ಅಳೆಯುವ ಮೀಟರ್ ಒಂದು ತಂದಿಟ್ಟಿದ್ದೇನೆ, ಒಯ್ಯುವಿಯಂತೆ. ಬರುವ ಮೊದಲು ಆ ಟಿಕಳಿ ಕಿತ್ತಿರಬೇಕು.

ನಿನ್ನ ಸೋದರಮಾವ