ಗಣಿತಕ್ಕೆ ಸಾಲ: ಎಷ್ಟರವರೆಗೆ?
ಮಗಳು ಗಣಿತ ಓದಲಿ. ಆರು ಲಕ್ಷ ಸಾಲ ಮಾಡಿ ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದುವುದು ಬೇಡ ಎನ್ನುವುದಷ್ಟೇ ನನ್ನ ಸಲಹೆ. ವರ್ಷದ ಆರಂಭಕ್ಕೆ 2 ಲಕ್ಷದಂತೆ ಮೂರು ವರ್ಷ, ಶೇ 10ರ ಸರಳ ಬಡ್ಡಿ ಎಂದಿಟ್ಟುಕೊಳ್ಳಿ. ಓದು ಮುಗಿದು ಇನ್ನೊಂದು ವರ್ಷ ಕಳೆದು ಕಂತು ಶುರುವಾಗುವ ಹೊತ್ತಿಗೆ ಅದು 7.8 ಲಕ್ಷವಾಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,300 ರೂಪಾಯಿ ಬೇಕು. ಗಣಿತದ ಗಳಿಕೆಯಾದರೋ ತಡವಾಗಿ ಕೈಗೆ ಬರುವಂಥದ್ದು: ಬಿಎಸ್ಸಿ ಆದಮೇಲೆ ಎಂಎಸ್ಸಿ, ಇಲ್ಲವೇ ಬಿ.ಇಡಿ, ಅದೂ ಅಲ್ಲದಿದ್ದರೆ ವರ್ಷಗಟ್ಟಲೆ ಆಕ್ಚುಯರಿ (ವಿಮಾ ಲೆಕ್ಕತಜ್ಞ) ಪರೀಕ್ಷೆಗಳು. ಮುಂದೆ ಓದಿದರೆ ಕಂತನ್ನು ಮುಂದೂಡಲು ಬ್ಯಾಂಕು ಒಪ್ಪಬಹುದು, ಬಡ್ಡಿ ನಿಲ್ಲುವುದಿಲ್ಲ.

ಖಾಸಗಿ ವಿಶ್ವವಿದ್ಯಾಲಯದಲ್ಲಿ ಕ್ಯಾಂಪಸ್‌ನಲ್ಲೇ ಕೆಲಸ ಸಿಗುತ್ತದಲ್ಲ ಎನ್ನುತ್ತೀರಿ. ಕರಪತ್ರದಲ್ಲಿ ಅಚ್ಚಾಗುವುದು ಸರಾಸರಿ ಸಂಬಳ. ನಾಲ್ಕು ಮಂದಿಗೆ ಡೇಟಾ ಸೈನ್ಸ್ ಕೆಲಸ ಸಿಕ್ಕರೂ ಅದು ಜಿಗಿಯುತ್ತದೆ. ಗಣಿತ ವಿಭಾಗದವರನ್ನಷ್ಟೇ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವಿನವರದು ಎಷ್ಟೆಂದು ಕೇಳಿ. (ಈ ಲೆಕ್ಕ ಮಗಳಿಗೇ ಬಿಡಬಹುದು.) ಸಾಲವಿಲ್ಲದೆ ಓದುವ ದಾರಿಗಳೂ ಇವೆ. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆ ಬಿ.ಮ್ಯಾಥ್ ಓದುವವರಿಗೆ ವಿದ್ಯಾರ್ಥಿವೇತನ ಕೊಟ್ಟು ಕಲಿಸುತ್ತ ಬಂದಿದೆ; ಪ್ರವೇಶ ಪರೀಕ್ಷೆ ಮಾತ್ರ ಕಠಿಣ. ಅದು ದಕ್ಕದಿದ್ದರೆ ಸರ್ಕಾರಿ ಕಾಲೇಜು. ಅಲ್ಲಿ ಪಾಠ ಸೊರಗಿದೆ ಎಂಬ ಆಕ್ಷೇಪ ಕೆಲವೆಡೆ ನಿಜ. ಆದರೆ ಐಐಟಿಗಳ ಎಂಎಸ್ಸಿಗೆ ದಾರಿ ಜ್ಯಾಮ್ ಪರೀಕ್ಷೆ, ಅದರ ತಯಾರಿಗೆ ಶುಲ್ಕದಲ್ಲಿ ಉಳಿದ ಹಣದ ಸಣ್ಣ ಪಾಲು ಸಾಕು.