ನೆರೆ ಪರಿಹಾರಕ್ಕೆ ಡಾಲರ್ ಏಕೆ?

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನೀರು ನುಗ್ಗಿದಾಗ ಡಲ್ಲಾಸಿನಲ್ಲಿರುವ ನಮ್ಮ ಭಾವ ಸಾವಿರ ಡಾಲರ್ ಕೊಟ್ಟರು. ದುಬೈಯಲ್ಲಿರುವ ನಾನು ಎಂಬತ್ತು ಸಾವಿರ ರೂಪಾಯಿ ಕೊಟ್ಟೆ. ಇಬ್ಬರ ಮನಸ್ಸೂ ಒಂದೇ, ಮೊತ್ತವೂ ಹೆಚ್ಚುಕಡಿಮೆ ಒಂದೇ. ಆದರೆ ಅವರ ಹಣ ದಾರಿಯಲ್ಲಿ ಕರಗಿತು, ನನ್ನದು ಕರಗಲಿಲ್ಲ.

ಭಾವನವರ ಲೆಕ್ಕ ಮೊದಲು. ವಾಟ್ಸ್‌ಆ್ಯಪಿನಲ್ಲಿ ಬಂದ ಒಂದು ಕ್ರೌಡ್‌ಫಂಡಿಂಗ್ ಪುಟ ತೆರೆದು ಸಾವಿರ ಡಾಲರ್ ಒತ್ತಿದರು. ಕೆಳಗೆ ‘ಟಿಪ್’ ಎಂದು ಶೇ 10 ಮೊದಲೇ ತುಂಬಿಕೊಂಡಿತ್ತು. ಒಟ್ಟು 1,100 ಆಯಿತು. ಪುಟ ಭಾರತದ್ದಾದ್ದರಿಂದ ಅವರ ಕ್ರೆಡಿಟ್ ಕಾರ್ಡು ಹೊರದೇಶದ ವಹಿವಾಟಿನ ಶುಲ್ಕವೆಂದು ಶೇ 3 ಸೇರಿಸಿತು. ಅದು 33. ಅಲ್ಲಿಗೆ ಜೇಬಿನಿಂದ ಹೋದದ್ದು 1,133 ಡಾಲರ್. ಇನ್ನು ಆ ಮೂಲ ಸಾವಿರದಲ್ಲಿ ಪುಟದ ಶುಲ್ಕ ಶೇ 5, ಪೇಮೆಂಟ್ ಗೇಟ್‌ವೇಗೆ ಶೇ 3 ಹೋಗಿ ಉಳಿದದ್ದು 920. ಆಗ ಡಾಲರಿಗೆ ಸುಮಾರು 71 ರೂಪಾಯಿ ಇತ್ತು, ಪುಟ ಹಿಡಿದ ದರ 69. ನೆರೆ ಪರಿಹಾರದ ಸಂಸ್ಥೆಯ ಖಾತೆಗೆ ಬಿದ್ದದ್ದು 63,480 ರೂಪಾಯಿ. ಭಾವ ತೆತ್ತದ್ದನ್ನು 71ರಂತೆ ಗುಣಿಸಿದರೆ 80,443. ನಡುವೆ ಮಾಯವಾದದ್ದು 16,963 ರೂಪಾಯಿ, ನೂರಕ್ಕೆ 21.

ನನ್ನ ಹಣ ಹುಬ್ಬಳ್ಳಿ ಬಿಟ್ಟು ಹೊರಗೆ ಹೋಗಿರಲೇ ಇಲ್ಲ. ಅಲ್ಲಿನ ಮನೆಯ ಬಾಡಿಗೆ ಅನಿವಾಸಿಗಳ ರೂಪಾಯಿ ಖಾತೆಯಾದ ಎನ್‌ಆರ್‌ಒಗೆ ಬರುತ್ತದೆ. ಅದರಿಂದಲೇ ಮುಖ್ಯಮಂತ್ರಿ ಪರಿಹಾರ ನಿಧಿಗೆ ನೆಫ್ಟ್ ಮಾಡಿದೆ. ಎಂಬತ್ತು ಸಾವಿರವೂ ತಲುಪಿತು. ಈ ನಿಧಿಗೆ ಆದಾಯ ತೆರಿಗೆ ಕಾಯ್ದೆಯ 80ಜಿಯಲ್ಲಿ ಪೂರ್ತಿ ಶೇ 100 ಕಡಿತ ಉಂಟು. ಬಾಡಿಗೆ, ಠೇವಣಿ ಬಡ್ಡಿ ಸೇರಿ ನನ್ನ ಭಾರತದ ಆದಾಯ ಶೇ 20ರ ಸ್ಲ್ಯಾಬಿನಲ್ಲಿತ್ತು, ಸೆಸ್ ಸೇರಿಸಿದರೆ 20.8. ಎಂಬತ್ತು ಸಾವಿರಕ್ಕೆ 16,640 ರೂಪಾಯಿ ತೆರಿಗೆ ಉಳಿಯಿತು. ಟಿಡಿಎಸ್ ಮೊದಲೇ ಹಿಡಿದಿದ್ದರಿಂದ ಅದು ರಿಫಂಡ್ ಆಗಿ ಬಂತು. ಅಂದರೆ ಭಾವ 80,443 ತೆತ್ತು 63,480 ತಲುಪಿಸಿದರು. ನಾನು 63,360 ತೆತ್ತು 80,000 ತಲುಪಿಸಿದೆ. ಹಣ ಇಂಥದೇ ಹಳ್ಳಿಗೆ ಹೋಗಲಿ ಎಂದು ಈ ನಿಧಿಗೆ ಹೇಳಲಾಗದು, ಅದೊಂದು ಕೊರತೆ ನಿಜ.

ಈ ತೆರಿಗೆ ಉಳಿತಾಯ ಹಳೆಯ ಪದ್ಧತಿಯಲ್ಲಿದ್ದವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ 80ಜಿ ಇಲ್ಲ, ಈಗ ನೀವು ಬೇರೆ ಹೇಳದಿದ್ದರೆ ಹೊಸದೇ ಅನ್ವಯ. ಅಮೆರಿಕದಲ್ಲಿರುವವರು ಇನ್ನೊಂದು ವಿಷಯ ನೋಡಬೇಕು: ಭಾರತದಲ್ಲಿ ತೆರಿಗೆ ಇಳಿದರೆ ಅಲ್ಲಿ ಸಿಗುವ ಫಾರಿನ್ ಟ್ಯಾಕ್ಸ್ ಕ್ರೆಡಿಟ್ಟೂ ಇಳಿಯುತ್ತದೆ. ದುಬೈಯವರಿಗೆ ಆ ತಲೆನೋವಿಲ್ಲ.

‘ಹಾಗಾದರೆ ನಾನೂ ಎನ್‌ಆರ್‌ಒದಿಂದ ಊರಿನ ಟ್ರಸ್ಟಿಗೇ ಕೊಡುತ್ತಿದ್ದೆನಲ್ಲ’ ಎಂದರು ಭಾವ. ‘ನಿಮಗೆ ಆಗೋದಿಲ್ಲ ಭಾವ, ನಿಮ್ಮದು ಅಮೆರಿಕದ ಪಾಸ್‌ಪೋರ್ಟು’ ಎಂದೆ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆ ನೋಡುವುದು ನೋಟನ್ನಲ್ಲ, ಪೌರತ್ವವನ್ನು. ಭಾರತದ ಪಾಸ್‌ಪೋರ್ಟ್ ಇರುವವರು ಯಾವ ದೇಶದಲ್ಲಿದ್ದರೂ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ವಿದೇಶಿ ಪೌರರಾದ ಒಸಿಐ ಕಾರ್ಡಿನವರು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ, ನೋಂದಣಿ ಇಲ್ಲದ ಟ್ರಸ್ಟು ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿ ಬಂದ ಮೇಲೆ ಇಂಥ ಹಣ ಮೊದಲು ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಪಡೆದ ದೊಡ್ಡ ಸಂಸ್ಥೆ ಹಳ್ಳಿಯ ಚಿಕ್ಕ ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಭಾವನಂಥವರಿಗೆ ಉಳಿದ ದಾರಿ ಎರಡು: ಎಫ್‌ಸಿಆರ್‌ಎ ನೋಂದಣಿ ಇರುವ, ಊರಲ್ಲಿ ತಾನೇ ಕೆಲಸ ಮಾಡುವ ಸಂಸ್ಥೆಗೆ ನೇರ ಕೊಡುವುದು, ಇಲ್ಲವೇ ಕೆಲಸದ ಕಂಪನಿ ತಾನೂ ಅಷ್ಟೇ ಮೊತ್ತ ಸೇರಿಸುವುದಾದರೆ ಅಮೆರಿಕದ 501(ಸಿ)(3) ದತ್ತಿ ಸಂಸ್ಥೆಯ ಮೂಲಕ ಹೋಗುವುದು. ಬರೀ ತೆರಿಗೆ ಆಸೆಗೆ ಆಗ ಎರಡನೆಯದು ಬೇಕಿರಲಿಲ್ಲ. 2019ರಲ್ಲಿ ಅಲ್ಲಿ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 24,400 ಡಾಲರ್ ಇತ್ತು. ಅದನ್ನು ತೆಗೆದುಕೊಂಡವರಿಗೆ ಸಾವಿರ ಡಾಲರ್ ದಾನದಿಂದ ಒಂದು ಸೆಂಟೂ ಉಳಿಯುತ್ತಿರಲಿಲ್ಲ.

ಕ್ರೌಡ್‌ಫಂಡಿಂಗ್ ಪುಟಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಅಳುವ ಮಗುವಿನ ಫೋಟೊ ಮೇಲೆ, ಟಿಪ್ಪಿನ ಗುಂಡಿ ಕೆಳಗೆ. ಮುಳುಗಿದವರ ಹೆಸರಲ್ಲಿ ಮಾಣಿಗೆ ಭಕ್ಷೀಸು ಕೇಳುವ ಹೋಟೆಲು ಇದು. ‘ಶೂನ್ಯ ಶುಲ್ಕ’ ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡ ಕಡೆ ಟಿಪ್ಪನ್ನು ಇನ್ನೂ ಹುಷಾರಾಗಿ ನೋಡಿ. ವೈದ್ಯಕೀಯ ತುರ್ತಿಗೆ ಬೇರೆ ದಾರಿಯೇ ಇಲ್ಲದಾಗ ಒಪ್ಪಬಹುದೇನೋ. ನೆರೆಗೆ ನಿಧಿಗಳಿವೆ, ಸಂಸ್ಥೆಗಳಿವೆ, ಮಧ್ಯವರ್ತಿ ಏಕೆ? ಹಾಗೆಂದು ಕೊಲ್ಲಿಯಲ್ಲಿರುವವರು ಗೆಳೆಯರ ಗುಂಪಿನಲ್ಲಿ ತಾವೇ ಚಂದಾ ಎತ್ತಲು ಹೋಗಬೇಡಿ. ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಶುಲ್ಕಕ್ಕಿಂತ ದೊಡ್ಡ ಸೋರಿಕೆ ನಮ್ಮ ಅವಸರದ್ದು. ಟಿವಿಯಲ್ಲಿ ನೀರು ಕಂಡ ವಾರ ಎಲ್ಲರೂ ಕೊಡುತ್ತಾರೆ. ಗಂಜಿ ಕೇಂದ್ರದಲ್ಲಿ ಬಿಸ್ಕತ್ತು, ಹಳೆ ಸೀರೆ ರಾಶಿ ಬೀಳುತ್ತವೆ. ಗೋಡೆ ಎಬ್ಬಿಸುವ ಹೊತ್ತಿಗೆ ಯಾರೂ ಇರುವುದಿಲ್ಲ. ಆ ವರ್ಷ ಪೂರ್ತಿ ಬಿದ್ದ ಮನೆಗೆ ಬಯಲು ಸೀಮೆಯಲ್ಲಿ ಕೇಂದ್ರದ ಮಾನದಂಡದ ಪರಿಹಾರ 95,100 ರೂಪಾಯಿ. ರಾಜ್ಯ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು, ಆದರೆ ಕೊಟ್ಟದ್ದು ಕಟ್ಟಡ ಎದ್ದಂತೆ ಕಂತಿನಲ್ಲಿ. ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಸಿಮೆಂಟು, ಗೌಂಡಿ ಕೂಲಿ, ಮಕ್ಕಳ ಶಾಲೆ ಖರ್ಚು ಯಾರದು? ಹಣ ಬೇಕಾಗುವುದು ಆಗ.

ಆದ್ದರಿಂದ ಎನ್‌ಆರ್‌ಒದಲ್ಲಿ ತಿಂಗಳಿಗೆ ಎರಡು ಸಾವಿರ ರೂಪಾಯಿ ಕಟ್ಟುವ ಆವರ್ತ ಠೇವಣಿ (ಆರ್‌ಡಿ) ಇಡಿ. ಮಳೆ ನೆಟ್ಟಗಿದ್ದ ವರ್ಷ ಅದು ಬೆಳೆಯಲಿ. ನೆರೆ ಬಂದ ವರ್ಷ ಅರ್ಧವನ್ನು ಆಗಲೇ ಕೊಡಿ, ಅರ್ಧವನ್ನು ದೀಪಾವಳಿ ಕಳೆದ ಮೇಲೆ ಕೊಡಿ. ರಸೀದಿ ಎತ್ತಿಡಿ. ಸಂಸ್ಥೆಗೆ ಕೊಟ್ಟಿದ್ದರೆ 10ಬಿಇ ಪ್ರಮಾಣಪತ್ರ ಕೇಳಿ ಪಡೆಯಿರಿ, ಅದಿಲ್ಲದೆ 80ಜಿ ಸಿಗದು. ಕೊಡುವ ಮನಸ್ಸಿದ್ದವರಿಗೆ ಲೆಕ್ಕ ಕೇಳಲು ಸಂಕೋಚ ಬೇಡ. ಉಳಿಸಿದ ಪ್ರತಿ ರೂಪಾಯಿಯೂ ಅಲ್ಲಿನವರದ್ದೇ.